ಮಳೆಗಾಲದಲ್ಲಿ ಜೌಗು, ಶಿವರಾತ್ರಿಗೆ ಒರತೆ ಬತ್ತು: ಅಡಿಕೆ ತೋಟದಲ್ಲಿ ನೀರಿನ ದಾರಿ ಎಲ್ಲಿ ತಪ್ಪುತ್ತಿದೆ?

ಕಣಿವೆತೋಟ

ಸಾಗರ ತಾಲ್ಲೂಕು. ಮೂರು ಕಡೆ ಗುಡ್ಡ, ನಡುವೆ ಎರಡು ಎಕರೆ ಅಡಿಕೆ. ಅಂತರ ಒಂಬತ್ತಡಿಗೆ ಒಂಬತ್ತಡಿ, ಮರಗಳಿಗೆ ಇಪ್ಪತ್ತು ವರ್ಷದ ಮೇಲಾಗಿದೆ. ತೋಟದ ತಲೆಗೆ ಐದು ಎಕರೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ಅರ್ಧದಲ್ಲಿ ಹಳೇ ಕಾಡುಮರ, ಇನ್ನರ್ಧದಲ್ಲಿ ಅಕೇಶಿಯಾ. ನೆತ್ತಿಯಲ್ಲಿ ಜಂಬಿಟ್ಟಿಗೆ ಕಲ್ಲು, ಬುಡದಲ್ಲಿ ಬಿಳಿ ಜೇಡಿ. ಕಲ್ಲು ಮುಗಿದು ಜೇಡಿ ಶುರುವಾಗುವ ಕಡೆ ಒರತೆ ಇದೆ.

ಪುನರ್ವಸು ಮಳೆ ಹೊತ್ತಿಗೆ ಕೆಳಸಾಲುಗಳಲ್ಲಿ ಕಾಲಿಟ್ಟರೆ ಹೂತುಹೋಗುತ್ತದೆ. ಶಿವರಾತ್ರಿ ಹೊತ್ತಿಗೆ ಒರತೆ ನೂಲಿನಷ್ಟು. ಏಪ್ರಿಲ್‌ನಲ್ಲಿ ದಿನಾ ನಾಲ್ಕು ಗಂಟೆ ಡ್ರಿಪ್ ಬಿಟ್ಟರೂ ಮಧ್ಯಾಹ್ನ ಗರಿ ಜೋತುಬೀಳುತ್ತದೆ. ನೀರು ಕೊಟ್ಟರೂ ಗರಿ ಯಾಕೆ ಬಾಡುತ್ತೆ? ಬೆಟ್ಟದಲ್ಲಿ ಇಂಗುಗುಂಡಿ ತೆಗೆಸಿದರೆ ಒರತೆ ಯುಗಾದಿವರೆಗೆ ಬರುತ್ತಾ? ಅಕೇಶಿಯಾ ಕಡಿಸಿದರೆ? ತಿಳಿದವರು ದಯವಿಟ್ಟು ಅಳತೆ ಸಮೇತ ಹೇಳಿ.

ಪತ್ರರಂಧ್ರ

ಗರಿಯ ವಿಷಯ ಮೊದಲು. ಮಧ್ಯಾಹ್ನ ಜೋತುಬಿದ್ದದ್ದು ನೋಡಿ ನೀರು ಸಾಲದು ಅಂತ ತೀರ್ಮಾನ ಮಾಡಬೇಡಿ. ನೋಡಬೇಕಾದ್ದು ಬೆಳಗಿನ ಜಾವ, ಬಿಸಿಲು ತಾಕುವ ಮೊದಲು. ಅಷ್ಟೊತ್ತಿಗೆ ಗರಿ ಸೆಟೆದು ನಿಂತಿದ್ದರೆ ಬೇರಿನ ಹತ್ತಿರ ನೀರಿದೆ, ಬೇರು ಎಳೆಯುತ್ತಲೂ ಇದೆ, ಹಗಲಿನ ಖರ್ಚಿನ ವೇಗಕ್ಕೆ ಮಾತ್ರ ಸಮ ಬರುತ್ತಿಲ್ಲ. ಬೆಳಗಿನ ಜಾವಕ್ಕೂ ಸುಧಾರಿಸದಿದ್ದರೆ ತೊಂದರೆ ಮಣ್ಣಲ್ಲಿ ಅಥವಾ ಬೇರಲ್ಲಿ.

ಕಾರಣ ಹೀಗೆ. ಮರದೊಳಗೆ ನೀರೆತ್ತುವ ಪಂಪು ಯಾವುದೂ ಇಲ್ಲ. ಎಲೆಯ ಅಡಿಭಾಗದ ಪತ್ರರಂಧ್ರಗಳಿಂದ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿಂದ, ಆವಿ ಹೊರಗೆ ಹೋಗುತ್ತದೆ. ಹೋದಷ್ಟನ್ನು ತುಂಬಲು ಎಲೆಯ ಕೋಶಭಿತ್ತಿಗಳು ಹಿಂದಿನ ನೀರನ್ನು ಜಗ್ಗುತ್ತವೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಆ ಜಗ್ಗು ಕಾಂಡದ ನಾಳಗಳ ಮೂಲಕ ಬೇರಿನ ತುದಿಯವರೆಗೆ ಇಳಿಯುತ್ತದೆ. ಈ ವಿವರಣೆಯನ್ನು ಡಿಕ್ಸನ್ ಮತ್ತು ಜೋಲಿ 1894ರಲ್ಲೇ ಕೊಟ್ಟರು, ಇವತ್ತಿಗೂ ಅದೇ ನಿಂತಿದೆ.

ಎಳೆಯುವುದು ಗಾಳಿ. 35 ಡಿಗ್ರಿ ಬಿಸಿ, ಶೇಕಡ 40ರಷ್ಟು ತೇವ ಇರುವ ಏಪ್ರಿಲ್ ಮಧ್ಯಾಹ್ನದ ಗಾಳಿಗೂ ಒದ್ದೆ ಎಲೆಗೂ ನಡುವಿನ ಸೆಳೆತ ಲೆಕ್ಕ ಹಾಕಿದರೆ ವಾಯುಮಂಡಲದ ಒತ್ತಡದ ಸಾವಿರದ ಮುನ್ನೂರು ಪಟ್ಟು ಬರುತ್ತದೆ. ಮಣ್ಣು ನೀರನ್ನು ಹಿಡಿದಿಡುವ ಬಲ ಇದರ ಮುಂದೆ ಏನೇನೂ ಅಲ್ಲ. ಗಿಡ ಶಾಶ್ವತವಾಗಿ ಬಾಡುವಷ್ಟು ಒಣಗಿದ ಮಣ್ಣಿನಲ್ಲೂ ಅದು ಸುಮಾರು 15 ಪಟ್ಟು ಮಾತ್ರ. ನಡುವೆ ತಡೆ ಅಂತ ಇರುವುದು ಪತ್ರರಂಧ್ರದ ಬಾಯಿ ಒಂದೇ. ಆ ಬಾಯಿ ತೆರೆದು ಮುಚ್ಚುವುದಕ್ಕೆ ಪೊಟ್ಯಾಶಿಯಂ ಬೇಕು. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ ಹೇಳುವವರು ಪೊಟ್ಯಾಷ್ ಮಾತ್ರ 140 ಗ್ರಾಂ ಹೇಳುವುದನ್ನು ಗಮನಿಸಿ. ಪೊಟ್ಯಾಷ್ ಕೊರತೆ ಇರುವ ಮರ ಬಾಯಿ ಸರಿಯಾಗಿ ಮುಚ್ಚಲಾರದೆ ನೀರು ಕಳೆದುಕೊಳ್ಳುತ್ತದೆ.

ತುಂಗಾತೀರ

ಶಾಲೆಯಲ್ಲಿ ಕೇಶಾಕರ್ಷಣೆಯಿಂದ ನೀರು ಏರುತ್ತದೆ ಅಂತ ಹೇಳಿಕೊಡುತ್ತಾರಲ್ಲ ಸರ್? ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ?

ಪತ್ರರಂಧ್ರ

ಕಾಂಡದ ನಾಳದ ಮಟ್ಟಿಗೆ ಆ ಉತ್ತರ ಸಾಲದು. ನಾಳದ ಅಡ್ಡಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಅಂತ ಇಟ್ಟುಕೊಂಡರೆ ಕೇಶಾಕರ್ಷಣೆ ನೀರನ್ನು ಏರಿಸುವುದು ಒಂದಡಿ ಮಾತ್ರ. ಐವತ್ತಡಿ ಮರಕ್ಕೆ ಅದು ಎಲ್ಲಿ ಸಾಕು? ಆದರೆ ಎಲೆಯ ಕೋಶಭಿತ್ತಿಯ ಸೂಕ್ಷ್ಮ ರಂಧ್ರಗಳಲ್ಲಿ ಅದೇ ಗುಣ ಇಡೀ ನೀರಿನ ಕಂಬವನ್ನು ಕೆಳಗೆ ಜಾರದ ಹಾಗೆ ಹಿಡಿದಿಡುತ್ತದೆ. ಹಾಗಾಗಿ ಪೂರ್ತಿ ತಪ್ಪೂ ಅಲ್ಲ.

ಬೇರಿನ ಒತ್ತಡ ಅಂತ ಇನ್ನೊಂದಿದೆ. ರಾತ್ರಿ ಆವಿ ಹೋಗುವುದು ನಿಂತಾಗ ಬೇರು ಲವಣ ಒಳಗೆಳೆದುಕೊಂಡು, ಅದರ ಹಿಂದೆ ನೀರೂ ನುಗ್ಗಿ, ಒತ್ತಡ ಮೇಲ್ಮುಖವಾಗುತ್ತದೆ. ಮಳೆಗಾಲದ ಬೆಳಿಗ್ಗೆ ಕೆಸುವಿನ ಎಲೆಯ ತುದಿಯಲ್ಲಿ ತೊಟ್ಟಿಕ್ಕುವುದು ಅದೇ ನೀರು, ಇಬ್ಬನಿಯಲ್ಲ. ಹತ್ತಿರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತೆ: ಇಬ್ಬನಿ ಎಲೆ ತುಂಬ ಸಣ್ಣ ಸಣ್ಣ ಮಣಿ, ಇದು ತುದಿಯಲ್ಲಿ ಮಾತ್ರ ದಪ್ಪ ಹನಿ, ಒರೆಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲೇ ಹುಟ್ಟುತ್ತದೆ. ಹಗಲಿನ ಖರ್ಚು ತೂಗಿಸುವಷ್ಟು ನೀರು ಇದರಿಂದ ಏರುವುದಿಲ್ಲ. ಅಡಿಕೆಗೆ ಇದರ ಉಪಯೋಗ ಬೇರೆ.

ಹಗಲು ಜಗ್ಗಾಟ ವಿಪರೀತವಾದಾಗ ನಾಳದೊಳಗೆ ಗಾಳಿಗುಳ್ಳೆ ಹುಟ್ಟಿ ನೀರಿನ ಎಳೆ ತುಂಡಾಗುತ್ತದೆ. ಮಾವು, ಹಲಸಿನಂಥ ಮರಗಳು ಪ್ರತಿವರ್ಷ ತೊಗಟೆಯ ಒಳಗೆ ಹೊಸ ನಾಳ ಕಟ್ಟಿಕೊಳ್ಳುತ್ತವೆ. ಅಡಿಕೆ, ತೆಂಗು, ಬಗನಿಗೆ ಅದು ಸಾಧ್ಯವಿಲ್ಲ. ಕಾಂಡ ಬೆಳೆಯುವಾಗ ಹುಟ್ಟಿದ ನಾಳಗಳೇ ಮರದ ಆಯಸ್ಸು ಪೂರ್ತಿ ಕೆಲಸ ಮಾಡಬೇಕು. ತುಂಡಾದ ಎಳೆ ಮತ್ತೆ ಕೂಡಬೇಕಾದರೆ ರಾತ್ರಿ ಬೇರಿನ ಬುಡದಲ್ಲಿ ತೇವ ಇರಬೇಕು, ಬೇರು ಆರೋಗ್ಯವಾಗಿರಬೇಕು. ಹೊಸ ನಾಳ ಕಟ್ಟಲಾಗದ್ದರಿಂದಲೇ ನೈಋತ್ಯದ ಬಿಸಿಲಿಗೆ ಕಾಂಡ ಸುಟ್ಟು ಸೀಳಿದ ಮರ ಮತ್ತೆ ಮೊದಲಿನಂತಾಗುವುದಿಲ್ಲ. ಪಡುವಣ ಅಂಚಿನ ಸಾಲಿಗೆ ದೀಪಾವಳಿ ಕಳೆದ ಕೂಡಲೇ ಸೋಗೆ ಕಟ್ಟಿ ಅಥವಾ ಸುಣ್ಣ ಬಳಿಯಿರಿ. ಆ ಕಡೆಯ ನೆರಳುಮರ ಯಾವ ಕಾರಣಕ್ಕೂ ಕಡಿಸಬೇಡಿ.

ಹನಿಲೆಕ್ಕ

ಕಣಿವೆತೋಟದವರೇ, ನಾಲ್ಕು ಗಂಟೆ ಅಂದರೆ ಏನೂ ಗೊತ್ತಾಗಲ್ಲ. ಮರಕ್ಕೆ ಎಷ್ಟು ಡ್ರಿಪ್ಪರು, ಗಂಟೆಗೆ ಎಷ್ಟು ಲೀಟರಿನದು, ಬುಡದಿಂದ ಎಷ್ಟು ದೂರ?

ಬೇಸಿಗೆಯಲ್ಲಿ ಅಡಿಕೆ ಮರವೊಂದಕ್ಕೆ ಡ್ರಿಪ್‌ನಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು ಎನ್ನುವುದು ಶಿಫಾರಸು. ಬುಡಕ್ಕೆ ಪೈಪಿನಲ್ಲಿ ಬಿಡುವವರಿಗೆ ಒಂದು ಸಲಕ್ಕೆ 175 ಲೀಟರ್, ಮಾರ್ಚ್‌ನಿಂದ ಮೇವರೆಗೆ 3ರಿಂದ 5 ದಿನಕ್ಕೊಮ್ಮೆ. ಒಂಬತ್ತಡಿ ಅಂತರದಲ್ಲಿ ಒಂದು ಮರದ ಪಾಲಿನ ನೆಲ 7.5 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಲೀಟರ್ ಅಂದರೆ ಒಂದು ಮಿಲಿಮೀಟರ್ ಮಳೆ. ಹಾಗಾಗಿ 18 ಲೀಟರ್ ಎಂದರೆ ದಿನಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಮಾತ್ರ. ಬೇಸಿಗೆಯ ಗಾಳಿ ಬಿಸಿಲು ದಿನಕ್ಕೆ ನಾಲ್ಕೈದು ಮಿಲಿಮೀಟರ್ ಆವಿ ಮಾಡಬಲ್ಲದು. ಆದರೂ ಇಷ್ಟು ಸಾಕಾಗುವುದು ಯಾಕೆಂದರೆ ಡ್ರಿಪ್ಪಿನಲ್ಲಿ ನೆಲದ ಮೇಲ್ಮೈ ಅಷ್ಟೂ ಒದ್ದೆಯಾಗುವುದಿಲ್ಲ, ಮತ್ತೆ ಆಳದ ಬೇರು ಕೆಳಗಿನ ತೇವದಿಂದ ಉಳಿದದ್ದನ್ನು ತಂದುಕೊಳ್ಳುತ್ತದೆ. ಆಳದ ಬೇರು ಇದ್ದರೆ ಎನ್ನುವುದನ್ನು ಗಟ್ಟಿಯಾಗಿ ಹೇಳುತ್ತೇನೆ.

ಗಂಟೆಗೆ ನಾಲ್ಕು ಲೀಟರಿನ ಡ್ರಿಪ್ಪರು ಒಂದು ನಿಮಿಷಕ್ಕೆ 67 ಮಿಲಿಲೀಟರ್ ಕೊಡಬೇಕು. ಒಂದು ಲೀಟರ್ ಬಾಟಲಿ ಹದಿನೈದು ನಿಮಿಷಕ್ಕೆ ತುಂಬಬೇಕು. ಲ್ಯಾಟರಲ್‌ನ (ಸಾಲಿನ ಡ್ರಿಪ್ ಪೈಪಿನ) ಮೊದಲಲ್ಲಿ, ನಡುವೆ, ಕೊನೆಯಲ್ಲಿ ಹಿಡಿದು ನೋಡಿ. ಜಂಬಿಟ್ಟಿಗೆ ನೆಲದ ಒರತೆ ನೀರಿನಲ್ಲಿ ಕಬ್ಬಿಣ ಇರುತ್ತೆ, ಗಾಳಿ ತಾಗಿದ ಕೂಡಲೇ ಕೆಂಪು ಲೋಳೆಯಾಗಿ ಡ್ರಿಪ್ಪರಿನ ಬಾಯಿ ಕಟ್ಟುತ್ತೆ. ಒರತೆ ನೀರನ್ನು ನೇರ ಪೈಪಿಗೆ ಬಿಡದೆ ತೊಟ್ಟಿಗೆ ಮೇಲಿಂದ ಚಿಮ್ಮಿಸಿ ಬೀಳಿಸಿ, ಒಂದು ರಾತ್ರಿ ನಿಲ್ಲಿಸಿ, ತಳದಿಂದ ಒಂದಡಿ ಮೇಲೆ ತೂತು ಕೊಟ್ಟು ತೆಗೆಯಿರಿ. ಲ್ಯಾಟರಲ್‌ನ ಕೊನೆ ಮುಚ್ಚಳ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಕೆಂಪುನೀರು ಹೋಗಿ ತಿಳಿ ಬರುವವರೆಗೆ ಬಿಡಿ.

ದೂರದ ವಿಚಾರ: ಗರಸು (ಹರಳು ಬೆರೆತ) ಮಣ್ಣಲ್ಲಿ ನೀರು ಅಗಲಕ್ಕೆ ಹರಡದೆ ಸೀದಾ ಕೆಳಗಿಳಿಯುತ್ತದೆ. ಒಂದೇ ಡ್ರಿಪ್ಪರು ಬುಡಕ್ಕೆ ತಾಗಿಸಿ ಇಟ್ಟರೆ ಒಂದಡಿ ಅಗಲದ ಕಂಬದಂತೆ ಒದ್ದೆಯಾಗಿ, ಬೇರಿನ ಬಹುಪಾಲು ಒಣಗೇ ಇರುತ್ತೆ. ಎರಡು, ಸಾಧ್ಯವಾದರೆ ನಾಲ್ಕು ಡ್ರಿಪ್ಪರು, ಬುಡದಿಂದ ಒಂದೂವರೆ ಎರಡಡಿ ದೂರ. ನೀರು ಬಿಟ್ಟು ಮೂರು ಗಂಟೆ ಕಳೆದ ಮೇಲೆ ಡ್ರಿಪ್ಪರಿನಿಂದ ಒಂದಡಿ ಪಕ್ಕದಲ್ಲಿ ಎರಡಡಿ ಆಳ ತೋಡಿ. ಮಣ್ಣು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು.

ಕಣಿವೆತೋಟ

ಎಲ್ಲರಿಗೂ ಧನ್ಯವಾದ. ನಾಲ್ಕು ಲೀಟರಿನದು, ಮರಕ್ಕೆ ಎರಡು, ಬುಡದಿಂದ ಒಂದೂವರೆ ಅಡಿ. ಕೊನೇ ಸಾಲಿನಲ್ಲೂ ನಿಮಿಷಕ್ಕೆ 60 ಮಿಲಿಲೀಟರ್ ಬರುತ್ತಿದೆ. ಬೆಳಗಿನ ಜಾವ ಮೇಲಿನ ಸಾಲುಗಳು ಚೆನ್ನಾಗಿವೆ. ಕೆಳಗಿನ ಐದಾರು ಸಾಲಿನ ಗರಿ ಬೆಳಿಗ್ಗೆಯೂ ಜೋತೇ ಇರುತ್ತೆ. ತೋಡಿದರೆ ಅಲ್ಲೇ ಮಣ್ಣು ಹೆಚ್ಚು ಒದ್ದೆ.

ಬಸಿಗಾಲುವೆ

ಉತ್ತರ ಇಲ್ಲೇ ಸಿಕ್ಕಿತು. ಹನಿಲೆಕ್ಕದವರ ಲೆಕ್ಕದಲ್ಲಿ ಮರಕ್ಕೆ 30 ಲೀಟರ್ ಹತ್ತಿರ ಹೋಗುತ್ತಿದೆ, ಅಷ್ಟು ಬೇಕಾಗಿಯೇ ಇಲ್ಲ. ಏಪ್ರಿಲ್‌ನ ಬಾಡು ಜುಲೈನಲ್ಲೇ ಆದ ಕೆಲಸ.

ನೀರು ತುಂಬಿದ ಮಣ್ಣಲ್ಲಿ ಆಮ್ಲಜನಕ ಸಂಚರಿಸುವ ವೇಗ ಗಾಳಿಯಲ್ಲಿನದಕ್ಕಿಂತ ಹತ್ತು ಸಾವಿರ ಪಟ್ಟು ಕಡಿಮೆ. ಪುನರ್ವಸುವಿನಿಂದ ಆಶ್ಲೇಷದವರೆಗೆ ಕೆಳಸಾಲಿನ ಬೇರು ಅಂಥ ಮಣ್ಣಲ್ಲಿ ಉಸಿರಿಲ್ಲದೆ ಕುಳಿತಿರುತ್ತದೆ. ಆಮ್ಲಜನಕ ಸಿಗದಿದ್ದರೆ ಬೇರಿನ ಜೀವಕೋಶಗಳ ನೀರಿನ ಬಾಗಿಲೂ ಮುಚ್ಚಿಕೊಳ್ಳುತ್ತದೆ, ನೀರಲ್ಲೇ ನಿಂತ ಗಿಡ ಬಾಡುವುದು ಹಾಗೆ. ವಾರಗಟ್ಟಲೆ ಆದರೆ ಆಳದ ಬೇರು ಕೊಳೆಯುತ್ತದೆ. ಉಳಿಯುವುದು ಮೇಲಿನ ಒಂದಡಿಯ ಬೇರು ಮಾತ್ರ. ಬೇಸಿಗೆಯಲ್ಲಿ ಮೊದಲು ಕಾಯುವುದು, ಒಣಗುವುದು ಅದೇ ಒಂದಡಿ. ಬಾಡಿತು ಅಂತ ನೀರು ಹೆಚ್ಚಿಸಿದರೆ ಕೆಳಗೆ ಮತ್ತೆ ಜೌಗು, ಹೊಸ ಬೇರು ಇಳಿಯುವುದಿಲ್ಲ.

ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಮರಗಳು ವರ್ಷವಿಡೀ ಜೌಗಿನಲ್ಲೇ ನಿಲ್ಲುತ್ತವೆ. ಅವುಗಳ ಬೇರು ಮೊಣಕಾಲಿನಂತೆ ಕೆಸರಿನ ಮೇಲೆ ಎದ್ದು ಗಾಳಿ ಒಳಗೆಳೆಯುತ್ತದೆ. ಅಡಿಕೆಗೆ ಆ ಏರ್ಪಾಡು ಇಲ್ಲ, ಬಸಿಗಾಲುವೆ ನಾವೇ ಕೊಡಬೇಕು.

ಅಳತೆ ಹೇಳುತ್ತೇನೆ. ಎರಡು ಸಾಲಿಗೊಂದು ಬಸಿಗಾಲುವೆ. ಆಳ ಗಿಡ ನೆಟ್ಟ ಗುಂಡಿಯ ತಳಕ್ಕಿಂತ ಅರ್ಧ ಅಡಿಯಿಂದ ಒಂದಡಿ ಹೆಚ್ಚು. ಎರಡಡಿ ಗುಂಡಿಯಲ್ಲಿ ನೆಟ್ಟಿದ್ದರೆ ಎರಡೂವರೆಯಿಂದ ಮೂರು ಅಡಿ. ನೂರಡಿ ಉದ್ದಕ್ಕೆ ಅರ್ಧ ಅಡಿ ಇಳಿಜಾರು ಸಾಕು, ಅದಕ್ಕಿಂತ ಜಾಸ್ತಿಯಾದರೆ ತಳ ಕೊರೆಯುತ್ತೆ. ಎಲ್ಲಾ ಕಾಲುವೆಯ ಕೊನೆ ದೊಡ್ಡ ಹೊರಗಾಲುವೆಗಿಂತ ಮೇಲಿರಬೇಕು. ಮಳೆಗಾಲದಲ್ಲಿ ಹೊರಗಾಲುವೆ ತುಂಬಿದಾಗ ನೀರು ವಾಪಸ್ ತೋಟಕ್ಕೆ ನುಗ್ಗುವುದು ಮುಕ್ಕಾಲು ತೋಟಗಳ ರೋಗ. ಮೇ ಕೊನೆಯಲ್ಲಿ ಹೂಳು ಎತ್ತಿ ಬರಣಕ್ಕೆ (ಮರಗಳಿರುವ ಏರಿಗೆ) ಹಾಕಿ, ಆದರೆ ಕಾಂಡದ ಬುಡ ಮುಚ್ಚಬೇಡಿ.

ಇದಕ್ಕಿಂತ ಮುಖ್ಯ, ಗುಡ್ಡದ ಬುಡದಲ್ಲಿ ಅಡ್ಡ ಅಗಳ, ಅಂದರೆ ಕಂದಕ. ಜೇಡಿಯ ಮೇಲೆ ಜಾರಿ ಬರುವ ಉಜರು (ಜಿನುಗು) ನೀರು ತೋಟದ ಅಡಿಗೆ ನುಗ್ಗುವ ಮೊದಲೇ ಹಿಡಿದು ಪಕ್ಕಕ್ಕೆ ಒಯ್ಯಬೇಕು. ಅಗಳದ ತಳ ಜೇಡಿಗೆ ನಾಲ್ಕು ಬೆರಳು ಇಳಿದಿರಬೇಕು. ಜೇಡಿ ಮುಟ್ಟದಿದ್ದರೆ ನೀರು ಅಗಳದ ಅಡಿಯಿಂದಲೇ ದಾಟುತ್ತದೆ.

ಸಾಲುತ್ತಿದೆಯೋ ಇಲ್ಲವೋ ನೋಡಲು ಎರಡಿಂಚಿನ ಪಿವಿಸಿ ಪೈಪು ನಾಲ್ಕಡಿ ತುಂಡು ಮಾಡಿ, ಕೆಳಗಿನ ಮೂರಡಿಗೆ ತೂತು ಕೊರೆದು, ಹಳೇ ಪಂಚೆ ಸುತ್ತಿ, ಎರಡು ಮರಗಳ ನಡುವೆ ಹೂಳಿ. ಜೋರು ಮಳೆ ಹೊಳವಾದ ಮೂರನೇ ದಿನ ಕಡ್ಡಿ ಇಳಿಸಿ ನೋಡಿ. ನೀರು ನೆಲದಿಂದ ಎರಡಡಿಗಿಂತ ಕೆಳಗಿದ್ದರೆ ಸರಿ. ಒಂದಡಿಯಲ್ಲೇ ನಿಂತಿದ್ದರೆ ಕಾಲುವೆ ಸಾಲದು ಅಥವಾ ಕಟ್ಟಿಕೊಂಡಿದೆ.

ಜಂಬಿಟ್ಟಿಗೆ

ಮೇಲಿನವರ ಮಾತಿಗೆ ಒಂದು ಸೇರಿಸಬೇಕು, ಇಲ್ಲದಿದ್ದರೆ ಅಪಾಯ. ಮೂರಡಿ ಬಸಿಗಾಲುವೆ ವರ್ಷವಿಡೀ ಬಾಯಿ ತೆರೆದಿದ್ದರೆ ಹಸ್ತ, ಚಿತ್ತೆ ಮಳೆಯ ನೀರೂ ಹೊಳೆಗೆ ಹೋಗುತ್ತೆ. ಡಿಸೆಂಬರ್‌ಗೇ ತೋಟ ಒಣಗುತ್ತೆ, ಬಾವಿಯ ಮಟ್ಟವೂ ಇಳಿಯುತ್ತೆ. ಪ್ರತಿ ಕಾಲುವೆಯ ಕೊನೆಯಲ್ಲಿ ಎರಡು ಕಲ್ಲುಕಂಬ ಅಥವಾ ಸಿಮೆಂಟಿನಲ್ಲಿ ಹಲಗೆ ಕೂರುವ ಸೀಳು ಮಾಡಿಸಿ ಹಲಗೆ ಇಳಿಸುವಂತಿರಲಿ. ಮುಂಗಾರು ಪೂರ್ತಿ ಹಲಗೆ ತೆಗೆದಿಡಿ. ಚಿತ್ತೆ ಮಳೆ ಹೊತ್ತಿಗೆ ಹಲಗೆ ಹಾಕಿ, ಹಲಗೆಯ ಹಿಂದೆ ಜೇಡಿ ಮಣ್ಣು ತುಳಿದು ಗಟ್ಟಿ ಮಾಡಿ. ತೋಟದಡಿಯ ನೀರು ಬೇರಿನ ಕೆಳಗೆ ನಿಲ್ಲುತ್ತದೆ, ಜೇಡಿ ಬೆರೆತ ಮಣ್ಣಾದರೆ ಅಲ್ಲಿಂದ ಮೇಲಕ್ಕೆ ತೇವ ಏರುತ್ತಲೂ ಇರುತ್ತದೆ. ಗರಸು ಮಣ್ಣಲ್ಲಿ ಆ ಏರಿಕೆ ಕೆಲವೇ ಬೆರಳಿನಷ್ಟು, ಅಲ್ಲಿ ಬೇರು ಅಷ್ಟು ಆಳಕ್ಕೆ ಇಳಿದಿದ್ದರೆ ಮಾತ್ರ ಲಾಭ.

ಕಾನುಕಟ್ಟೆ

ಈಗ ಬೆಟ್ಟಕ್ಕೆ ಬರೋಣ. ಇಂಗುಗುಂಡಿಯ ಬಗ್ಗೆ ಬಯಲುಸೀಮೆಯ ಸಲಹೆಯನ್ನು ಹಾಗೇ ಇಲ್ಲಿಗೆ ತರುವುದು ಸರಿಯಲ್ಲ. ಶಿವಮೊಗ್ಗ ಪೇಟೆಯಲ್ಲಿ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು, ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ. ಸಾಗರದ ಪಡುವಲು ನಡುವೆ ಎಲ್ಲೋ ಬರುತ್ತದೆ. ಅಷ್ಟು ಮಳೆಯಲ್ಲಿ ಆರಿದ್ರೆ ಕಳೆಯುವಷ್ಟರಲ್ಲಿ ಬೆಟ್ಟದ ಮಣ್ಣು ಕುಡಿಯಬಹುದಾದಷ್ಟು ಕುಡಿದಾಗಿರುತ್ತದೆ. ಜುಲೈನಲ್ಲಿ ಗುಂಡಿಯಲ್ಲಿ ನಿಂತು ಇಂಗಿದ ನೀರಿನ ಬಹುಪಾಲು ಕೆಲವೇ ದಿನ, ವಾರಗಳಲ್ಲಿ ಒರತೆಯಲ್ಲಿ ಹೊರಬಂದು ಹರಿದುಹೋಗುತ್ತದೆ. ಶಿವರಾತ್ರಿಗೆ ಉಳಿಯುವುದು ಆಳಕ್ಕೆ ನಿಧಾನವಾಗಿ ಇಳಿದ ನೀರು, ಅದರಲ್ಲೂ ಹಿಂಗಾರಿನಲ್ಲಿ ಸಿಕ್ಕಿದ್ದು.

ಒಳ್ಳೆಯ ಕಾನಿನ, ಅಂದರೆ ದಟ್ಟ ಹಸಿರುಕಾಡಿನ, ನೆಲ ನೋಡಿ. ಮೇಲೆ ನಾಲ್ಕು ಬೆರಳು ದರಕು (ಒಣಗಿ ಉದುರಿದ ಎಲೆ), ಅದರಡಿ ಅರೆಕೊಳೆತ ಕಪ್ಪು ಪುಡಿ, ಅದರೊಳಗೆ ಬಿಳಿ ಬೂಸ್ಟಿನ ಎಳೆ, ಕೂದಲಿನಂಥ ಬೇರು. ಕೆಳಗೆ ಸತ್ತ ಬೇರಿನ ತೂತು, ಗೆದ್ದಲಿನ ಸುರಂಗ, ಎರೆಹುಳದ ದಾರಿ. ಮಲೆನಾಡಿನ ಮಳೆ ದೀರ್ಘ, ಆದರೆ ಗಂಟೆಗೆ ಬೀಳುವ ಪ್ರಮಾಣ ಬಹುಮಟ್ಟಿಗೆ ಮಧ್ಯಮ. ಇಂಥ ನೆಲ ಅದನ್ನು ಪೂರ್ತಿ ನುಂಗುತ್ತದೆ, ಮೇಲೆ ಹರಿಯಲು ಬಿಡುವುದಿಲ್ಲ. ದರಕು ಗುಡಿಸಿ ಕೊಟ್ಟಿಗೆಗೆ ಒಯ್ದ, ದನ ತುಳಿದ ಬೆಟ್ಟದಲ್ಲಿ ಹನಿ ನೇರ ಮಣ್ಣಿಗೆ ಬಡಿದು, ನುಣುಪು ಮಣ್ಣು ತೂತುಗಳನ್ನು ಮುಚ್ಚಿ, ಮೇಲೊಂದು ಹೆಪ್ಪುಗಟ್ಟುತ್ತದೆ. ಎತ್ತರದ ಕೊಂಬೆಯಿಂದ ಉದುರುವ ಹನಿ ಮಳೆಹನಿಗಿಂತ ದಪ್ಪ, ಹೊಡೆತವೂ ಜೋರು. ಅಡಿಯಲ್ಲಿ ಪೊದೆ, ದರಕು ಇಲ್ಲದ ಮರದ ಕೆಳಗೆ ಬಯಲಿಗಿಂತ ಹೆಚ್ಚು ಮಣ್ಣು ಎದ್ದುಹೋಗುವುದೂ ಉಂಟು.

ಪರೀಕ್ಷೆ ಸುಲಭ. ಆರಿಂಚಿನ ಪಿವಿಸಿ ಪೈಪು ಒಂದಡಿ ತುಂಡು, ಮರದ ಹಲಗೆ ಇಟ್ಟು ಬಡಿದು ಎರಡಿಂಚು ನೆಲಕ್ಕೆ ಇಳಿಸಿ. ಎರಡು ಸಲ ನೀರು ತುಂಬಿ ಇಂಗಲು ಬಿಡಿ. ಮೂರನೇ ಸಲ ತುಂಬಿ, ಹತ್ತು ನಿಮಿಷದಲ್ಲಿ ಮಟ್ಟ ಎಷ್ಟು ಮಿಲಿಮೀಟರ್ ಇಳಿಯಿತು ಬರೆದು ಆರರಿಂದ ಗುಣಿಸಿ, ಅದು ಗಂಟೆಯ ಲೆಕ್ಕ. ನೀರು ಪಕ್ಕಕ್ಕೂ ಹೋಗುವುದರಿಂದ ಅಂಕಿ ಸ್ವಲ್ಪ ಹೆಚ್ಚೇ ಬರುತ್ತದೆ, ಆದರೆ ಹೋಲಿಸಲು ತೊಂದರೆಯಿಲ್ಲ. ಕಾಡುಮರದಡಿ, ಅಕೇಶಿಯಾದಡಿ, ದನದ ದಾರಿಯಲ್ಲಿ, ಮೂರು ಕಡೆ ಮಾಡಿ. ಗಂಟೆಗೆ 60 ಮಿಲಿಮೀಟರಿಗಿಂತ ಹೆಚ್ಚು ಇಳಿಯುವ ಕಡೆ ಗುಂಡಿ ತೋಡುವುದು ದುಡ್ಡು ದಂಡ. ಹತ್ತು ಹದಿನೈದಕ್ಕೆ ನಿಂತರೆ ಅಲ್ಲಿ ಗುಂಡಿ ಬೇಕು.

ತೋಡುವುದಾದರೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಒಂದಕ್ಕೆ 680 ಲೀಟರ್ ಹಿಡಿಯುತ್ತೆ. ಲೆವೆಲ್ ಪೈಪಿನಲ್ಲಿ ಸಮಮಟ್ಟ ಹಿಡಿದು ಗೆರೆ ಹಾಕಿ. ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಜಾಗಕ್ಕೆ ಕೆಳಸಾಲಿನ ಗುಂಡಿ ಬರಲಿ. ತೆಗೆದ ಮಣ್ಣು ಕೆಳಮಗ್ಗುಲಿಗೆ, ಅಂಚಿನಿಂದ ಒಂದಡಿ ಬಿಟ್ಟು. ದರಕು ತುಂಬಿದರೆ ಬಳಿಯಬೇಡಿ, ತಳದಲ್ಲಿ ಹೂಳು ಗಟ್ಟಿಯಾಗದಂತೆ ಅದೇ ಕಾಯುತ್ತದೆ.

ಜಂಬಿಟ್ಟಿಗೆ

ಕಡಿದಾದ ಗುಡ್ಡದಲ್ಲಿ ಗುಂಡಿ ಬೇಡವೇ ಬೇಡ ಅಂತ ಕಾನುಕಟ್ಟೆಯವರು ಹೇಳಬೇಕಿತ್ತು. ಜಂಬಿಟ್ಟಿಗೆಯ ಅಡಿಯ ಬಿಳಿ ಜೇಡಿ ನೀರು ಕುಡಿದರೆ ಬೆಣ್ಣೆಯಂತೆ ಜಾರುತ್ತದೆ. ಅದರೊಳಗೆ ನೀರು ಸುರಂಗ ಕೊರೆಯುವುದೂ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದನ್ನು ಎಲ್ಲರೂ ನೋಡಿದ್ದೇವೆ. ಹತ್ತಡಿ ನಡೆದರೆ ನಾಲ್ಕಡಿ ಇಳಿಯುವಂಥ ಕಡೆ, ಮನೆಯ ಮೇಲ್ಭಾಗದಲ್ಲಿ, ರಸ್ತೆಗೆ ಅಗೆದ ದರೆಯ ಮೇಲೆ ಗುಂಡಿ ತೋಡಬಾರದು. ನೆಲದಲ್ಲಿ ಅರ್ಧಚಂದ್ರಾಕಾರದ ಬಿರುಕು, ಬುಡ ಬಾಗಿ ಮೇಲೆ ನೆಟ್ಟಗಾದ ಮರಗಳು, ಇದ್ದಕ್ಕಿದ್ದಂತೆ ಕೆಸರಾದ ಒರತೆ ಕಂಡರೆ ಅಲ್ಲಿ ನೀರು ಇಂಗಿಸುವ ಮಾತು ಬಿಟ್ಟು, ನೀರು ಹೊರಗೆ ಹರಿಸುವ ದಾರಿ ನೋಡಿ.

ಕಾನುಕಟ್ಟೆ

ಒಪ್ಪಿದೆ. ಅಂಥ ಕಡೆ ಮರದ ಬೇರು ಬಿಟ್ಟರೆ ಬೇರೆ ರಕ್ಷಣೆ ಇಲ್ಲ.

ಕಣಿವೆತೋಟ

ಹಾಗಾದರೆ ಅಕೇಶಿಯಾ? ಊರಲ್ಲಿ ಎಲ್ಲರೂ ಹೇಳುವುದು ಒರತೆ ಕುಡಿದದ್ದು ಅದೇ ಅಂತ.

ಕಾನುಕಟ್ಟೆ

ಕುಡಿಯುವುದು ಹೌದು, ಎಲ್ಲ ಮರವೂ ಕುಡಿಯುತ್ತದೆ. ಐದು ಎಕರೆಯ ಮೇಲೆ ದಿನಕ್ಕೆ ಮೂರು ಮಿಲಿಮೀಟರ್ ಆವಿಯಾದರೂ ಅರವತ್ತು ಸಾವಿರ ಲೀಟರ್. ಮತ್ತಿ, ಹೊನ್ನೆ, ನಂದಿ ಬೇಸಿಗೆಯ ಒಂದಷ್ಟು ದಿನ ಎಲೆ ಉದುರಿಸಿ ಖರ್ಚು ನಿಲ್ಲಿಸುತ್ತವೆ. ಮತ್ತಿಯಂತೂ ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಅಕೇಶಿಯಾ ಎಲೆ ಉದುರಿಸಿ ಬೋಳಾಗುವುದಿಲ್ಲ. ಅದರಲ್ಲಿ ನಾವು ಎಲೆ ಅನ್ನುವುದು ನಿಜಕ್ಕೆ ಚಪ್ಪಟೆಯಾದ ತೊಟ್ಟು. ದಪ್ಪ, ಒಣಹವೆ ತಾಳುತ್ತದೆ, ಬೇಸಿಗೆಯಲ್ಲೂ ಕೆಲಸ ನಡೆಸುತ್ತದೆ. ವೇಗವಾಗಿ ಬೆಳೆಯುವ ಮರಕ್ಕೆ ನೀರಿನ ಖರ್ಚೂ ಜಾಸ್ತಿ.

ಆದರೆ ಒಂದೇ ಸಲ ಬೋಳಿಸಿದರೆ ಏನಾಗುತ್ತದೆ? ಮೊದಲೊಂದೆರಡು ವರ್ಷ ಒರತೆ ಹೆಚ್ಚುತ್ತದೆ, ಜನ ಸಂತೋಷಪಡುತ್ತಾರೆ. ಆಮೇಲೆ ಬಯಲಾದ ನೆಲ ಹೆಪ್ಪುಗಟ್ಟಿ, ಇಂಗುವುದು ಕಡಿಮೆಯಾಗಿ, ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಬರಿದು. ಮರ ಖರ್ಚು ಮಾಡುವ ನೀರು ಒಂದು ಕಡೆ, ಮರದಿಂದ ನೆಲಕ್ಕೆ ಇಳಿಯುವ ನೀರು ಇನ್ನೊಂದು ಕಡೆ. ಎರಡನ್ನೂ ತೂಗಬೇಕು. ಮೂರರಲ್ಲಿ ಒಂದು ಮರ ತೆಗೆದು, ಬೆಳಕು ಬಿದ್ದ ಜಾಗದಲ್ಲಿ ನೇರಳೆ, ಹೆಬ್ಬಲಸು, ರಂಜ, ಮುರುಗಲು, ಉಪ್ಪಾಗೆ ಹಾಕಿ. ಅವು ಆಳೆತ್ತರ ಆದ ಮೇಲೆ ಮುಂದಿನ ಮೂರನೇ ಒಂದು. ಕಡಿದ ಕೊಂಬೆ ಸುಡದೆ ಸಮಮಟ್ಟದ ಗೆರೆಯಲ್ಲಿ ಅಡ್ಡ ಒಟ್ಟಿ. ಒರತೆಯ ಕಣ್ಣಿನ ಸುತ್ತ ಐವತ್ತಡಿ ಏನೂ ಮುಟ್ಟಬೇಡಿ, ಕೆಳಗಿನ ಹಳ್ಳದ ದಂಡೆಗೆ ಕೇದಗೆ, ವಾಟೆಬಿದಿರು ಸಾಕು. ದರಕು ಬೇಕೇ ಬೇಕು ಅಂದರೆ ಬೆಟ್ಟವನ್ನು ನಾಲ್ಕು ಪಾಲು ಮಾಡಿ, ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಗುಡಿಸಿ.

ಹನಿಲೆಕ್ಕ

ಒರತೆ ಅಳೆಯದೆ ಇದ್ಯಾವುದೂ ಗೊತ್ತಾಗುವುದಿಲ್ಲ. ತಗಡಿನ ಮೇಲೆ 90 ಡಿಗ್ರಿಯ ವಿ ಆಕಾರ ಕತ್ತರಿಸಿ, ಹಳ್ಳಕ್ಕೆ ಅಡ್ಡ ನಿಲ್ಲಿಸಿ, ಪಕ್ಕದಲ್ಲಿ ಸೋರದಂತೆ ಜೇಡಿ ಮೆತ್ತಿ. ತಗಡಿನಿಂದ ಎರಡಡಿ ಹಿಂದೆ, ನೀರು ತಣ್ಣಗೆ ನಿಂತ ಕಡೆ, ವಿಯ ತಳದಿಂದ ನೀರಿನ ಮಟ್ಟ ಎಷ್ಟು ಎತ್ತರ ನೋಡಿ. 10 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ 4.4 ಲೀಟರ್. 5 ಇದ್ದರೆ 0.77 ಲೀಟರ್. ಎತ್ತರ ಅರ್ಧವಾದರೆ ನೀರು ಐದನೇ ಒಂದು ಭಾಗಕ್ಕೂ ಕಡಿಮೆ, ಇದನ್ನು ನೆನಪಿಡಿ. ಐದಕ್ಕಿಂತ ಕೆಳಗೆ ನೀರು ತಗಡಿಗೇ ಅಂಟಿ ಇಳಿಯುವುದರಿಂದ ಲೆಕ್ಕ ತಪ್ಪುತ್ತದೆ, ಆಗ ಹತ್ತು ಲೀಟರಿನ ಬಕೆಟ್ಟು ಗಡಿಯಾರ ಸಾಕು. 46 ಸೆಕೆಂಡಿಗೆ ತುಂಬಿದರೆ ದಿನಕ್ಕೆ ಸುಮಾರು ಹದಿನೆಂಟು ಸಾವಿರದ ಎಂಟುನೂರು ಲೀಟರ್. ಎರಡು ಎಕರೆಯ 1,100 ಮರಕ್ಕೆ ತಲಾ 18 ಲೀಟರ್ ಅಂದರೆ 19,800. ಅಷ್ಟು ಸಣ್ಣ ಒರತೆ ರಾತ್ರಿ ಹಗಲು ತೊಟ್ಟಿಗೆ ಬಿದ್ದರೆ ತೋಟ ಹೆಚ್ಚುಕಡಿಮೆ ನಡೆದುಹೋಗುತ್ತದೆ!

ಫೆಬ್ರವರಿಯಲ್ಲಿ ಬೆಳಗಿನ ಜಾವ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ಅಳೆಯಿರಿ. ಹಗಲು ಕಡಿಮೆಯಾಗಿ ರಾತ್ರಿ ಮತ್ತೆ ಏರಿದರೆ ಆ ವ್ಯತ್ಯಾಸ ಒರತೆಯ ಹತ್ತಿರದ ಮರಗಳು ಕುಡಿದದ್ದು. ವ್ಯತ್ಯಾಸ ಕಾಣದೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಬೆಟ್ಟದೊಳಗಿನ ದಾಸ್ತಾನೇ ಮುಗಿಯುತ್ತಿದೆ, ಅಕೇಶಿಯಾದ ಮೇಲೆ ಕೊಡಲಿ ಎತ್ತಿದರೆ ಉಪಯೋಗವಿಲ್ಲ. ಐದು ಎಕರೆ ಬೆಟ್ಟದಲ್ಲಿ 300 ಮಿಲಿಮೀಟರ್‌ನಷ್ಟು ನೀರು ಆಳದಲ್ಲಿ ಉಳಿದು ಒರತೆಗೆ ಬಂದರೆ ಇನ್ನೂರು ದಿನ, ದಿನಕ್ಕೆ ಮೂವತ್ತು ಸಾವಿರ ಲೀಟರ್ ಸಿಗುತ್ತೆ. ಬೀಳುವ ಮಳೆಯ ಮುಂದೆ ಆ 300 ತೀರಾ ಸಣ್ಣ ಪಾಲು.

ಕಣಿವೆತೋಟ

ಹಾಗಾದರೆ ಈ ವರ್ಷ ಅಗಳ ಮತ್ತು ಬಸಿಗಾಲುವೆ ಮಳೆಗೆ ಮೊದಲು. ಬೆಟ್ಟದಲ್ಲಿ ಪೈಪಿನ ಪರೀಕ್ಷೆ ಮಾಡಿ, ದನದ ದಾರಿಯಲ್ಲಿ ಮಾತ್ರ ಗುಂಡಿ. ಚಿತ್ತೆಗೆ ಹಲಗೆ. ಮರದ ಬುಡದ ನೆಲಕ್ಕೆ ಸೊಪ್ಪಿನ ಮುಚ್ಚಿಗೆ ಯಾವಾಗ ಹಾಕುವುದು? ಅಗಳದ ನೀರು ಹೊಳೆಗೇ ಬಿಡಬೇಕಾ?

ಬಸಿಗಾಲುವೆ

ಮುಚ್ಚಿಗೆ ನವೆಂಬರ್‌ನಲ್ಲಿ, ಮೇಲಿನ ಮಣ್ಣು ಇನ್ನೂ ಒದ್ದೆ ಇರುವಾಗಲೇ. ಸೊಪ್ಪು, ಸೋಗೆ, ಸಿಪ್ಪೆ ಏನಾದರೂ ಸರಿ, ತುಳಿದ ಮೇಲೆ ನಾಲ್ಕು ಬೆರಳು ಉಳಿಯಬೇಕು, ಕಾಂಡದಿಂದ ಅರ್ಧ ಅಡಿ ಬಿಟ್ಟು. ಫೆಬ್ರವರಿಯಲ್ಲಿ ಒಣನೆಲಕ್ಕೆ ಹಾಕಿದರೆ ಆಗೊಮ್ಮೆ ಈಗೊಮ್ಮೆ ಬೀಳುವ ಸಣ್ಣ ಮಳೆಯನ್ನು ಮುಚ್ಚಿಗೆಯೇ ಕುಡಿದು ಆರಿಸಿಬಿಡುತ್ತೆ.

ಅಗಳದ ನೀರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಗೇ ಹೋಗಲಿ. ಹಸ್ತ ಮಳೆಯಿಂದ ಅದನ್ನು ತೊಟ್ಟಿಗೆ ತಿರುಗಿಸುವಂತೆ ಒಂದು ಪೈಪು ಇಟ್ಟುಕೊಳ್ಳಿ.

ಜಂಬಿಟ್ಟಿಗೆ

ಹಲಗೆ ಮೊದಲ ವರ್ಷ ಪೂರ್ತಿ ಏರಿಸಬೇಡಿ. ಕೊಳೆತ ಬೇರು ಮತ್ತೆ ಕೆಳಗಿಳಿಯಲು ಒಂದೆರಡು ಋತು ಬೇಕು. ಹೂಳಿದ ಪೈಪಿನಲ್ಲಿ ನೀರು ನೆಲದಿಂದ ಎರಡೂವರೆ ಅಡಿ ಕೆಳಗೇ ನಿಲ್ಲುವಷ್ಟು ಹಲಗೆ ಇರಲಿ. ಡಿಸೆಂಬರ್‌ನಲ್ಲಿ ಅಕಾಲ ಮಳೆ ಬಂದರೆ ಅದೇ ದಿನ ಹಲಗೆ ಎತ್ತಿ, ಪೈಪಿನಲ್ಲಿ ಮಟ್ಟ ಇಳಿದ ಮೇಲೆ ಮತ್ತೆ ಹಾಕಿ. ಕೆಳಸಾಲಿಗೆ ಡ್ರಿಪ್ ಈಗಿನಿಂದಲೇ ಎರಡು ಗಂಟೆಗೆ ಇಳಿಸಿ.